ದೊಡ್ಡಸ್ವಾಮಿಗಳ ಕಾಣಿಕೆ

ಕ್ರಿಸ್ತಜಯಂತಿ ಎಂದೊಡನೆ ನಮ್ಮಲ್ಲಿ ಪ್ರತಿಯೊಬ್ಬರ ಮನಸ್ಸಿನಲ್ಲಿಯೂ ಮನೆಯ ಒಂದು ಚಿತ್ರ ಮೂಡುತ್ತದೆ. ಹುಲ್ಲು, ಪಾಚಿ, ಜೇಡಿಮಣ್ಣು ತಂದು ಅಣ್ಣತಮ್ಮಂದಿರು ಸೇರಿ ಕಟ್ಟಿದ ಗೋದಲಿ; ಬಿದಿರಿನ ಸೀಳುಗಳಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ ನಕ್ಷತ್ರ; ಅಟ್ಟದಿಂದ ಇಳಿಸಿದ ಕೊಬ್ಬರಿಯನ್ನು ತುರಿದು ತಾಯಿ ತುಂಬಿದ ಕರ್ಜಿಕಾಯಿ; ನಿದ್ದೆಗಣ್ಣಿನಲ್ಲಿ ಅಜ್ಜಿಯ ಸೆರಗು ಹಿಡಿದು ನಡುರಾತ್ರಿಯ ಬಲಿಪೂಜೆಗೆ ನಡೆದ ದಾರಿ; ಬೆಳಗಾದ ಮೇಲೆ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ನೆರೆಮನೆಗಳಿಗೆ, ಜಾತಿಮತಗಳ ಭೇದವೆಣಿಸದೆ, ಹಂಚಿ ಬಂದ ತಿಂಡಿ. ಕೊಡುವುದೆಂದರೇನು ಎಂಬ ಪಾಠವನ್ನು ನಾವು ಮೊದಲು ಕಲಿತದ್ದು ಆ ತಟ್ಟೆಯಿಂದಲೇ.

ಆದರೆ ಇಂಥ ನೆನಪೊಂದು ಹುಟ್ಟಬೇಕಾದರೆ ಎಷ್ಟೊಂದು ವರಗಳು ಮೊದಲೇ ಕೂಡಿ ಬಂದಿರಬೇಕೆಂಬುದನ್ನು ನಾವು ಯೋಚಿಸುವುದು ವಿರಳ. ಸೇರಲು ಒಂದು ಸೂರು ಇರಬೇಕು. ಉಣ್ಣಲು ಒಂದು ತುಂಡು ಭೂಮಿಯೋ, ಒಂದು ಕಸುಬೋ ಇರಬೇಕು. ಗೋದಲಿಯ ಮುಂದೆ ಮೊಣಕಾಲೂರಲು ಮಕ್ಕಳು ಬದುಕಿ ಉಳಿದಿರಬೇಕು. ಅವರನ್ನು ಕರೆದೊಯ್ಯಲು ಒಂದು ದೇವಾಲಯವಿರಬೇಕು. ಈ ಕನ್ನಡನಾಡಿನ ಅನೇಕ ಕ್ರೈಸ್ತ ಕುಟುಂಬಗಳಿಗೆ ಇವುಗಳಲ್ಲಿ ಯಾವುದೂ ಇಲ್ಲದಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಬಂದು, ಕೈಲಾದುದನ್ನೆಲ್ಲ ಕೊಟ್ಟು, ಕೊಟ್ಟದ್ದು ಫಲಿಸಲಿಲ್ಲವೆಂದೇ ಭಾವಿಸಿ ಹಿಂದಿರುಗಿದ ಒಬ್ಬ ಗುರುವಿನ ಬಾಳನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆನಿಸುತ್ತದೆ. ಪಾಶ್ಚಾತ್ಯ ವಿದ್ವಾಂಸರು ಅವರನ್ನು ಅಬ್ಬೆ ದ್ಯುಬುವಾ ಎಂದು ಬಲ್ಲರು. ಮೈಸೂರು ಸೀಮೆಯ ನಮ್ಮ ಪೂರ್ವಜರು ಅವರನ್ನು ಕರೆದದ್ದು ದೊಡ್ಡಸ್ವಾಮಿಗಳು ಎಂದು.

ಬಾಲ್ಯ ಮತ್ತು ಕರೆ

ಜಾನ್ ಅಂತ್ವಾನ್ ದ್ಯುಬುವಾ ಅವರ ಹುಟ್ಟೂರು ಫ್ರಾನ್ಸ್ ದೇಶದ ದಕ್ಷಿಣಭಾಗದ ಆರ್ದೆಷ್ ಸೀಮೆಯ ಸೇಂಟ್ ರೆಮೆಜ್ ಎಂಬ ಹಳ್ಳಿ. 1766ರ ಜನವರಿಯಲ್ಲಿ ಅಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ವಿವಿಯೆ ಧರ್ಮಪ್ರಾಂತದಲ್ಲಿ ಗುರುದೀಕ್ಷೆ ಪಡೆದ ಅವರು ಪ್ಯಾರಿಸ್ ನಗರದ ವಿದೇಶೀ ಧರ್ಮಪ್ರಚಾರ ಸಂಸ್ಥೆಯನ್ನು ಸೇರಿ, 1792ರಲ್ಲಿ ಭಾರತದತ್ತ ಹಡಗು ಹತ್ತಿದರು.

ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ನೂರಾರು ಗುರುಗಳ ಕೊಲೆಯಾಯಿತು. ಮರುವರ್ಷದ ಜನವರಿಯಲ್ಲಿ ದೊರೆ ಹದಿನಾರನೆಯ ಲೂಯಿಯ ಶಿರಚ್ಛೇದವಾಯಿತು. ಇತ್ತ ಭಾರತದಲ್ಲಿಯೂ ಧರ್ಮಸಭೆಯ ಸ್ಥಿತಿ ಸುಗಮವಾಗಿರಲಿಲ್ಲ. 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನು ವಿಸರ್ಜಿಸಿದ್ದರಿಂದ, ಹದಿನೇಳನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ್ದ ಮೈಸೂರು ಸೀಮೆಯ ಧರ್ಮಸೇವೆ ಆಧಾರ ತಪ್ಪಿದ ಬಳ್ಳಿಯಂತಾಗಿತ್ತು. ಪುದುಚೇರಿಯನ್ನು ಕೇಂದ್ರವಾಗಿಟ್ಟುಕೊಂಡು ಪ್ಯಾರಿಸ್ ಸಂಸ್ಥೆಯ ಕೆಲವೇ ಮಂದಿ ಗುರುಗಳು ವಿಶಾಲವಾದ ದಕ್ಷಿಣದೇಶವನ್ನು ನೋಡಿಕೊಳ್ಳಬೇಕಾಗಿತ್ತು.

ಇಪ್ಪತ್ತಾರು ವರ್ಷದ ಈ ತರುಣ ಗುರು ಮೊದಲ ಕೆಲವು ವರ್ಷಗಳನ್ನು ಇಂದಿನ ತಮಿಳುನಾಡಿನ ಪ್ರದೇಶಗಳಲ್ಲಿ ಕಳೆದರು. ಜನರ ನಡುವೆ ಬಾಳಬೇಕಾದವನು ಜನರಂತೆಯೇ ಬಾಳಬೇಕೆಂದು ಅವರು ಬಹುಬೇಗ ನಿಶ್ಚಯಿಸಿದರು. ಇಲ್ಲಿನವರ ಉಡುಪನ್ನು ಧರಿಸಿದರು. ಇಲ್ಲಿನ ಊಟೋಪಚಾರಗಳನ್ನೂ ಆಚಾರಮರ್ಯಾದೆಗಳನ್ನೂ ರೂಢಿಸಿಕೊಂಡರು. ಇಲ್ಲಿನ ಭಾಷೆಗಳನ್ನು ಕಲಿತರು. 1820ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಅವರ ಚಿತ್ರದಲ್ಲಿ ನಮಗೆ ಕಾಣಸಿಗುವುದು ದೇಶೀಯ ವೇಷದ ಒಬ್ಬ ಹಿರಿಯರೇ ಹೊರತು ಫ್ರಾನ್ಸಿನ ಪಾದ್ರಿಯಲ್ಲ. ದೇವಪುತ್ರನು ಮನುಷ್ಯರನ್ನು ಉದ್ಧರಿಸಲು ಮನುಷ್ಯನೇ ಆದನೆಂಬುದು ಕ್ರಿಸ್ತಜಯಂತಿಯ ತಿರುಳು. ಆ ತಿರುಳನ್ನು ಅವರು ಪ್ರಸಂಗದಲ್ಲಿ ಹೇಳಿದ್ದಕ್ಕಿಂತ ಉಡುಗೆಯಲ್ಲಿಯೂ ಊಟದಲ್ಲಿಯೂ ಹೆಚ್ಚಾಗಿ ತೋರಿಸಿದರು.

ಚದುರಿದ ಮಂದೆ

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನನು ಮಡಿದನು. ಅದಕ್ಕೆ ಹದಿನೈದು ವರ್ಷ ಹಿಂದೆ, 1784ರಲ್ಲಿ, ಕೆನರಾ ಸೀಮೆಯ ಕಥೋಲಿಕರು ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ ಅವರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಸೆರೆಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರಲಾಗಿತ್ತು. ಹಲವರು ದಾರಿಯಲ್ಲಿಯೇ ಅಳಿದರು. ಉಳಿದವರಲ್ಲಿ ಅನೇಕರು ಬಲಾತ್ಕಾರದಿಂದ ಮತಾಂತರಗೊಂಡರು. ಮೈಸೂರು ಸೀಮೆಯಲ್ಲಿ ಮೊದಲಿನಿಂದಲೂ ಇದ್ದ ಕ್ರೈಸ್ತರೂ ದೇವಾಲಯಗಳನ್ನು ಕಳೆದುಕೊಂಡು ಗುರುಗಳಿಲ್ಲದೆ ಉಳಿದರು. ಆ ಅರಸನ ಆಳ್ವಿಕೆಯನ್ನು ಕುರಿತು ಇತಿಹಾಸಕಾರರಲ್ಲಿ ನಾನಾ ಅಭಿಪ್ರಾಯಗಳಿವೆ. ಅವನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶವಲ್ಲ. ಹಳೆಯ ನೋವನ್ನು ಹೊಸ ದ್ವೇಷವಾಗಿಸುವುದು ಕ್ರೈಸ್ತರಿಗೆ ತಕ್ಕುದೂ ಅಲ್ಲ. ನಾವು ನೆನೆಯಬೇಕಾದುದು ಆ ಕುಟುಂಬಗಳನ್ನು. ಗಂಡ ಒಂದೆಡೆ, ಹೆಂಡತಿ ಒಂದೆಡೆ, ಮಕ್ಕಳು ಮತ್ತೊಂದೆಡೆಯಾದ ಮನೆಗಳಲ್ಲಿ ಹದಿನೈದು ಬಾರಿ ಡಿಸೆಂಬರ್ 25 ಬಂದು ಹೋಯಿತು. ಯಾರು ಯಾರನ್ನು ಹಬ್ಬಕ್ಕೆ ಕರೆಯಬೇಕು?

ಪಟ್ಟಣದ ಪತನಾನಂತರ ಅಲ್ಲಿ ಚದುರಿಹೋಗಿದ್ದ ಮಂದೆಯನ್ನು ಒಟ್ಟುಗೂಡಿಸಲು ದ್ಯುಬುವಾ ಸ್ವಾಮಿಗಳಿಗೆ ಕರೆ ಬಂದಿತು. ಅವರು ಬಂದು ನಂಬಿಕೆಗೆ ಮರಳಬಯಸಿದವರನ್ನು ಧರ್ಮಸಭೆಯ ಮಡಿಲಿಗೆ ಬರಮಾಡಿಕೊಂಡರು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ 1800ರಲ್ಲಿ ಅವರು ಕಟ್ಟಿಸಿದ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬೆಂಗಳೂರಿನ ಶಿವಾಜಿನಗರದಲ್ಲಿ, ಹಿಂದೆ ಬ್ಲಾಕ್‌ಪಳ್ಳಿ ಎನ್ನಿಸಿಕೊಂಡಿದ್ದ ಸ್ಥಳದಲ್ಲಿ, ಇಂದು ಭವ್ಯವಾಗಿ ನಿಂತಿರುವ ಸಂತ ಮರಿಯಮ್ಮನವರ ಮಹಾದೇವಾಲಯದ ಮೂಲವಾದ ಹುಲ್ಲುಮಾಡಿನ ಪ್ರಾರ್ಥನಾಮಂದಿರವೂ ಅವರ ಹೆಸರಿನೊಡನೆ ಬೆಸೆದುಕೊಂಡಿದೆ.

ಆದರೆ ಅವರ ಮೊದಲ ಯತ್ನಗಳಲ್ಲಿ ಒಂದು ಸಫಲವಾಗಲಿಲ್ಲ. ಟಿಪ್ಪುವಿನ ಅಂತಃಪುರಕ್ಕೆ ಸೇರಿಸಲ್ಪಟ್ಟಿದ್ದ ಕ್ರೈಸ್ತ ಸ್ತ್ರೀಯರನ್ನು ಅವರ ಗಂಡಂದಿರಿಗೆ, ತಂದೆತಾಯಿಗಳಿಗೆ, ಬಂಧುಗಳಿಗೆ ಮರಳಿಸಬೇಕೆಂದು ಅವರು ಶ್ರೀರಂಗಪಟ್ಟಣದ ಆಡಳಿತ ಹೊತ್ತಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯನ್ನು ಬೇಡಿಕೊಂಡರು. ಮುಂದೆ ವಾಟರ್ಲೂ ಕದನವನ್ನು ಗೆದ್ದು ವೆಲ್ಲಿಂಗ್ಟನ್ ಪ್ರಭುವೆಂದು ಜಗತ್ಪ್ರಸಿದ್ಧನಾದವನು ಇವನೇ. ಆ ಅಂತಃಪುರಕ್ಕೆ ಕಂಪನಿ ಸರಕಾರವು ರಕ್ಷಣೆಯ ಮಾತು ಕೊಟ್ಟಿರುವುದರಿಂದ ಈ ಬೇಡಿಕೆಯನ್ನು ಒಪ್ಪಲಾಗದೆಂದು ಅವನು ನಿರಾಕರಿಸಿದನು. ತನ್ನ ನಿರಾಕರಣೆ ನ್ಯಾಯವಾದುದಲ್ಲವೆಂಬುದು ಅವನ ಅರಿವಿಗೂ ಬಂದಿತ್ತೆಂದು ಅವನ ಪತ್ರವೇ ತಿಳಿಸುತ್ತದೆ. ರಾಜಕೀಯದ ಲೆಕ್ಕಾಚಾರದ ಮುಂದೆ ಮನೆಗಳ ಕಣ್ಣೀರು ಹಗುರವಾಯಿತು. ಒಡೆದ ಎಲ್ಲ ಮನೆಗಳನ್ನೂ ಕೂಡಿಸುವುದು ತಮ್ಮ ಕೈಲಿಲ್ಲವೆಂದು ದೊಡ್ಡಸ್ವಾಮಿಗಳು ಕಂಡರು. ಉಳಿದ ಮನೆಗಳಿಗೆ ಏನು ಕೊಡಬಹುದೆಂದು ಆಲೋಚಿಸಿದರು.

ನೆಲದ ಕಾಣಿಕೆ

ಯುದ್ಧ ಮುಗಿದ ಮೇಲೆ ಬಡತನ ಕಾದಿರುತ್ತದೆ. ಆಸ್ತಿಪಾಸ್ತಿ ಕಳೆದುಕೊಂಡವರು, ರಾಜಧಾನಿಯ ಆಶ್ರಯದಲ್ಲಿ ಹೊಟ್ಟೆ ಹೊರೆಯುತ್ತಿದ್ದವರು, ಎಲ್ಲರೂ ಒಮ್ಮೆಲೇ ಬೀದಿಗೆ ಬಿದ್ದರು. ಇಂಥವರಿಗೆ ಒಂದು ದಿನದ ಅನ್ನವನ್ನು ಕೊಟ್ಟರೆ ಮರುದಿನ ಮತ್ತೆ ಕೈಯೊಡ್ಡಬೇಕಾಗುತ್ತದೆ. ಆದುದರಿಂದ ಸ್ವಾಮಿಗಳು ಪಾಳುಬಿದ್ದ ಭೂಮಿಯಲ್ಲಿ ಬೇಸಾಯದ ನೆಲೆಗಳನ್ನು ಸ್ಥಾಪಿಸಲು ತೊಡಗಿದರು. ಇವುಗಳಲ್ಲಿ ಹೆಸರಾದದ್ದು ಹಾಸನದ ಬಳಿಯ ಸಾತಹಳ್ಳಿ. ಭಿಕ್ಷೆಗೆ ಇಳಿಯಬಹುದಾಗಿದ್ದ ಕುಟುಂಬಗಳು ಅಲ್ಲಿ ಒಕ್ಕಲುತನಕ್ಕೆ ಇಳಿದವು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಮಗೆ ಹಾಸನ ದೂರದ ಸೀಮೆಯಲ್ಲ. ಅರಸೀಕೆರೆ ದಾಟಿದರೆ ಅದೇ ಗಾಳಿ, ಅದೇ ನೆಲ. ಭೂಮಿಯನ್ನು ಕೊಡುವುದೆಂದರೇನೆಂದು ನಮ್ಮ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಭಾಗದ ಎತ್ತರದ ತಳಿಯ ತೆಂಗಿನ ಸಸಿ ನೆಟ್ಟವನು ಮೊದಲ ಫಲವನ್ನು ಕಾಣಲು ಆರೇಳು ವರ್ಷ ಕಾಯಬೇಕು. ಕಿತ್ತ ಕಾಯನ್ನು ಅಟ್ಟಕ್ಕೇರಿಸಿದ ಮೇಲೂ ಅದು ಒಣಗಿ, ಒಳಗೇ ಕಳಚಿ, ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ನೆಟ್ಟವನ ಕಾಲಾನಂತರವೂ ಮರ ಮಕ್ಕಳಿಗೂ ಮೊಮ್ಮಕ್ಕಳಿಗೂ ಕೊಡುತ್ತಲೇ ಇರುತ್ತದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾಗುವ ಪ್ರತಿಯೊಂದು ಚೀಲದ ಹಿಂದೆಯೂ ಹೀಗೆ ಯಾರೋ ಹಿರಿಯರ ತಾಳ್ಮೆಯಿದೆ. ಸಾತಹಳ್ಳಿಯಲ್ಲಿ ದೊಡ್ಡಸ್ವಾಮಿಗಳು ಕೊಟ್ಟದ್ದು ಇಂಥ ದಾನ.

ಜೀವದ ಕಾಣಿಕೆ

ಆ ಕಾಲದಲ್ಲಿ ಮನೆಗಳನ್ನು ಬರಿದುಮಾಡುತ್ತಿದ್ದ ಇನ್ನೊಂದು ಶತ್ರುವಿತ್ತು. ಅದು ಸಿಡುಬು. ಊರಿಗೆ ಅದು ಬಂದಿತೆಂದರೆ ತೊಟ್ಟಿಲುಗಳು ಬರಿದಾಗುತ್ತಿದ್ದವು. ಬದುಕಿದವರಲ್ಲಿ ಹಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು ಹಸುವಿನ ಸಿಡುಬಿನಿಂದ ರಕ್ಷೆ ಪಡೆಯುವ ವಿಧಾನವನ್ನು 1798ರಲ್ಲಿ ಪ್ರಕಟಿಸಿದನು. 1802ರ ಜೂನ್ ತಿಂಗಳಲ್ಲಿ ಅದು ಮುಂಬಯಿಗೆ ತಲುಪಿತು. ನಮ್ಮ ಹಿರಿಯರು ದಾಕು ಹಾಕಿಸುವುದು ಎನ್ನುತ್ತಿದ್ದುದು ಇದನ್ನೇ.

ಆಗ ಇದನ್ನು ಒಪ್ಪುವವರು ಸ್ವಲ್ಪ, ಹೆದರುವವರು ಬಹಳ. ರೋಗವನ್ನು ದೇವಿಯ ಆಗಮನವೆಂದು ಕಾಣುತ್ತಿದ್ದ ಜನರಿಗೆ ಈ ಚುಚ್ಚುವಿಕೆ ಅಪಚಾರವೆನಿಸಿತು. ಪರದೇಶದ ಉಪಾಯವೆಂಬ ಸಂಶಯವೂ ಇತ್ತು. ಜನರೊಡನೆ ಜನರಂತೆಯೇ ಬಾಳಿದ ದೊಡ್ಡಸ್ವಾಮಿಗಳ ಮಾತಿಗೆ ಇಲ್ಲಿ ಬೆಲೆ ಬಂದಿತು. ಅವರು ಈ ಕಾರ್ಯವನ್ನು ಕೈಗೆತ್ತಿಕೊಂಡು ವಿರೋಧವನ್ನು ಲೆಕ್ಕಿಸದೆ ನಡೆಸಿದರು. 1803-04ರ ಅವಧಿಯಲ್ಲಿ ಅವರ ಮೂಲಕ ದಾಕು ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲೆಯಾಗಿದೆ. ಯಂತ್ರವಾಹನವಿಲ್ಲದ, ಔಷಧವನ್ನು ತಂಪಿನಲ್ಲಿಡುವ ಸಾಧನವಿಲ್ಲದ, ತೋಳಿನಿಂದ ತೋಳಿಗೆ ಲಸಿಕೆಯನ್ನು ದಾಟಿಸಬೇಕಾಗಿದ್ದ ಕಾಲದಲ್ಲಿ ಅದು ಸಣ್ಣ ಸಂಖ್ಯೆಯಲ್ಲ. ಮೈಸೂರಿನ ಅರಮನೆಯೂ ಇದಕ್ಕೆ ಬೆಂಬಲವಾಗಿ ನಿಂತಿತು. ಅದೇ ಥಾಮಸ್ ಹಿಕ್ಕಿಯು 1805ರಲ್ಲಿ ಬರೆದ ಅರಮನೆಯ ಸ್ತ್ರೀಯರ ಚಿತ್ರವೊಂದು, ದಾಕು ಹಾಕಿಸಿಕೊಳ್ಳಲು ಪ್ರಜೆಗಳಿಗೆ ಧೈರ್ಯ ತುಂಬಲೆಂದು ರಚಿತವಾದುದೆಂದು ಈಚಿನ ಇತಿಹಾಸಕಾರರು ಗುರುತಿಸಿದ್ದಾರೆ. ಭಾರತದಲ್ಲಿ ಸಿಡುಬು ಕೊನೆಗೊಂಡದ್ದು 1975ರಲ್ಲಿ. ಲೋಕವೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ಆ ದೀರ್ಘಯಾತ್ರೆಯ ಮೊದಲ ಹೆಜ್ಜೆಗಳಲ್ಲಿ ನಮ್ಮ ನಾಡಿನ ಒಬ್ಬ ಗುರುವಿನ ಹೆಜ್ಜೆಯೂ ಇದೆ.

ಬಾಲಯೇಸುವಿನ ಜನನದ ಕಥೆಯಲ್ಲಿ ಗೋದಲಿಯ ಆನಂದದ ಬೆನ್ನಿಗೇ ಹೆರೋದನ ಕತ್ತಿಯೂ ಬರುತ್ತದೆ. ಜೋಸೆಫರು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಓಡಬೇಕಾಗುತ್ತದೆ. ಜ್ಞಾನಿಗಳು ಕಾಣಿಕೆ ಅರ್ಪಿಸಿದ್ದು ಹೀಗೆ ದೇಶಾಂತರ ಹೊರಡಲಿದ್ದ ಒಂದು ಬಡ ಕುಟುಂಬಕ್ಕೆ. ಶಿಶುಗಳನ್ನು ಉಳಿಸುವುದು, ಅಲೆಯುವ ಕುಟುಂಬಕ್ಕೆ ನೆಲೆ ಕೊಡುವುದು ಕ್ರಿಸ್ತಜಯಂತಿಯಿಂದ ಹೊರತಾದ ಪುಣ್ಯಗಳಲ್ಲ. ಅದರ ಹೃದಯವೇ ಅಲ್ಲಿದೆ.

ಹೆಸರು ತಂದ ಗ್ರಂಥ

ಲೋಕದಲ್ಲಿ ದ್ಯುಬುವಾ ಅವರ ಹೆಸರು ಉಳಿದದ್ದು ಈ ಸೇವೆಗಳಿಂದಲ್ಲ, ಒಂದು ಗ್ರಂಥದಿಂದ. ಭಾರತೀಯರ ಆಚಾರವ್ಯವಹಾರಗಳನ್ನು ಕುರಿತು ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸು ಸರಕಾರಕ್ಕೆ ಕಳುಹಿಸಿದನು. ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು ಕಂಪನಿಗಾಗಿ ಕೊಂಡನು. 1816ರಲ್ಲಿ ಅದರ ಆಂಗ್ಲಾನುವಾದ ಲಂಡನ್ನಿನಲ್ಲಿ ಪ್ರಕಟವಾಯಿತು. ಪರಿಷ್ಕರಿಸಿದ ಪ್ರತಿಯ ಅನುವಾದವನ್ನು 1897ರಲ್ಲಿ ಹೆನ್ರಿ ಬೋಚಾಂಪ್ ಹೊರತಂದಾಗ ಮಾಕ್ಸ್ ಮುಲ್ಲರ್ ಅಂಥ ಪಂಡಿತರೇ ಅದಕ್ಕೆ ಮುನ್ನುಡಿ ಬರೆದರು.

ಸತ್ಯಕ್ಕೆ ಸಲ್ಲಬೇಕಾದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಈ ಗ್ರಂಥದ ಬಹುಭಾಗವು ಯೇಸುಸಭೆಯ ಗಾಸ್ತೋ ಲೊರಾಂ ಕೊರ್ದೂ ಎಂಬ ಹಿಂದಿನ ಪೀಳಿಗೆಯ ಗುರು ಬರೆದಿಟ್ಟಿದ್ದ ಹಸ್ತಪ್ರತಿಯನ್ನು ಆಧರಿಸಿದೆಯೆಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ಪ್ರಕಟವಾದ ತಮ್ಮ ಸಂಶೋಧನೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಆ ಋಣವನ್ನು ದ್ಯುಬುವಾ ಅವರು ಗ್ರಂಥದಲ್ಲಿ ಬಾಯಿಬಿಟ್ಟು ಒಪ್ಪಲಿಲ್ಲ. ಅಲ್ಲದೆ ನಮ್ಮ ನಾಡಿನ ಜನರನ್ನೂ ನಂಬಿಕೆಗಳನ್ನೂ ಕುರಿತು ಅದರಲ್ಲಿ ಬರುವ ಎಷ್ಟೋ ಕಠಿನವಾದ ತೀರ್ಪುಗಳನ್ನು ಇಂದು ಯಾರೂ ಒಪ್ಪಲಾರರು. ಮಹನೀಯರ ಚರಿತ್ರೆಯಲ್ಲಿ ಕುಂದುಗಳನ್ನು ಮರೆಸಿದರೆ ಅದು ಗೌರವವಾಗದು. ವಿಚಿತ್ರವೆಂದರೆ, ಅವರಿಗೆ ಕೀರ್ತಿ ತಂದುಕೊಟ್ಟದ್ದು ಇನ್ನೊಬ್ಬರಿಂದ ಪಡೆದ ಬರಹ. ಅವರ ಸ್ವಂತದ ದುಡಿಮೆಯಾದ ಸಾತಹಳ್ಳಿಯ ಹೊಲಗಳಿಗೂ ದಾಕು ಹಾಕಿಸಿಕೊಂಡ ಮಕ್ಕಳಿಗೂ ಕೀರ್ತಿಯ ಪುಟಗಳಲ್ಲಿ ಸಿಕ್ಕ ಜಾಗ ಅಲ್ಪ.

ಕಾಣದೆ ಹೋದ ಫಲ

ಮೂರು ದಶಕಗಳ ಸೇವೆಯ ನಂತರ 1823ರ ಜನವರಿಯಲ್ಲಿ ದೊಡ್ಡಸ್ವಾಮಿಗಳು ಭಾರತವನ್ನು ಬಿಟ್ಟರು. ಕಂಪನಿ ಸರಕಾರವು ಅವರ ಸೇವೆಯನ್ನು ಮನ್ನಿಸಿ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಆದರೆ ಅವರು ಕೊಂಡೊಯ್ದ ಮನಸ್ಸು ಭಾರವಾಗಿತ್ತು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳಲ್ಲಿ, ಈ ನಾಡಿನಲ್ಲಿ ಕ್ರೈಸ್ತಧರ್ಮವು ಬೇರೂರುವ ಕಾಲ ಕಳೆದುಹೋಯಿತೆಂಬ ಅಭಿಪ್ರಾಯವನ್ನು ಅವರು ಮುಚ್ಚುಮರೆಯಿಲ್ಲದೆ ವ್ಯಕ್ತಪಡಿಸಿದರು. ತಮ್ಮ ಇಷ್ಟು ವರ್ಷಗಳ ಶ್ರಮಕ್ಕೆ ತಕ್ಕ ಫಲ ಸಿಗಲಿಲ್ಲವೆಂಬ ವಿಷಾದ ಅವುಗಳಲ್ಲಿ ತುಂಬಿದೆ. ಜೇಮ್ಸ್ ಹೋ ಮೊದಲಾದ ಪ್ರಾಟೆಸ್ಟಂಟ್ ಪಾದ್ರಿಗಳು ಅವರಿಗೆ ಉತ್ತರವಾಗಿ ಗ್ರಂಥಗಳನ್ನೇ ಬರೆದರು.

ಪ್ಯಾರಿಸ್ಸಿನಲ್ಲಿ ಅವರು ತಮ್ಮನ್ನು ಕಳುಹಿಸಿದ ಗುರುಮಠದಲ್ಲಿಯೇ ನಿರ್ದೇಶಕರಾದರು. 1836ರಿಂದ 1839ರವರೆಗೆ ಅದರ ಶ್ರೇಷ್ಠಾಧಿಕಾರಿಯಾಗಿದ್ದರು. ಆಶೆಗುಂದಿದ ಆ ಹಿರಿಯರು ಏಷ್ಯಾ ಖಂಡಕ್ಕೆ ಹೊರಡುವ ತರುಣ ಗುರುಗಳನ್ನು ತಯಾರುಮಾಡುವ ಮನೆಯಲ್ಲಿಯೇ ಉಳಿದ ಬಾಳನ್ನು ಕಳೆದರು. ಲೇಖನಿ ನಿರಾಶೆಯನ್ನು ಬರೆದರೂ ಕೈ ಕೊಡುವುದನ್ನು ನಿಲ್ಲಿಸಲಿಲ್ಲ. 1848ರ ಫೆಬ್ರವರಿ 17ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಅವರ ತೀರ್ಪು ತಪ್ಪಾಗಿತ್ತೆಂಬುದಕ್ಕೆ ಕಾಲವೇ ಸಾಕ್ಷಿ. ಮೈಸೂರು 1886ರಲ್ಲಿ ಧರ್ಮಪ್ರಾಂತವಾಯಿತು. ಅದರ ಒಡಲಿನಿಂದ 1940ರಲ್ಲಿ ಬೆಂಗಳೂರು, 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತಗಳು ಹುಟ್ಟಿದವು. ಗಂಜಾಮಿನಲ್ಲಿ ಗಂಟೆ ಮೊಳಗುತ್ತಿದೆ. ಸಾತಹಳ್ಳಿಯ ದೇವಾಲಯದಲ್ಲಿ ಜನ ಕೂಡುತ್ತಾರೆ. ತೆಂಗಿನ ನಾಡಿನ ಈ ಮೂಲೆಯಲ್ಲಿಯೂ ಒಂದು ದೇವಾಲಯ ನೂರು ವರ್ಷಗಳನ್ನು ಪೂರೈಸಿದೆ. ಇವೆಲ್ಲವೂ ಅವರೊಬ್ಬರಿಂದಲೇ ಆದುವೆಂದಲ್ಲ. ಅವರ ಹಿಂದೆ ನಡೆದವರೂ ಮುಂದೆ ಬಂದವರೂ ಅನೇಕರು. ಆದರೆ ಯಾವುದು ಮುಗಿಯಿತೆಂದು ಅವರು ತಿಳಿದರೋ ಅದು ಅಟ್ಟದ ಮೇಲಿನ ಕಾಯಿಯಂತೆ ಕತ್ತಲಲ್ಲಿ ಸದ್ದಿಲ್ಲದೆ ಪಕ್ವವಾಗುತ್ತಿತ್ತು.

ಪ್ರಿಯ ಭಕ್ತಬಾಂಧವರೇ, ಶತಮಾನೋತ್ಸವವೆಂದರೆ ನಾವು ಪಡೆದ ಕಾಣಿಕೆಗಳ ಲೆಕ್ಕ ನೋಡುವ ಕಾಲ. ಈ ದೇವಾಲಯದ ಕಲ್ಲು ಹೊತ್ತವರಲ್ಲಿ, ಗಾರೆ ಕಲಸಿದವರಲ್ಲಿ, ಹಿಡಿ ಅಕ್ಕಿಯನ್ನೂ ನಾಲ್ಕು ತೆಂಗಿನಕಾಯಿಯನ್ನೂ ತಂದೊಪ್ಪಿಸಿದವರಲ್ಲಿ ಎಷ್ಟೋ ಮಂದಿಯ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ತಾವು ಕೊಟ್ಟದ್ದು ಏನಾಯಿತೆಂದು ನೋಡಲು ಅವರೂ ಉಳಿಯಲಿಲ್ಲ. ಅವರು ಕೊಟ್ಟದ್ದರಿಂದಲೇ ನಮ್ಮ ಮಕ್ಕಳಿಗೆ ಇಂದು ನೆನಪಿಟ್ಟುಕೊಳ್ಳಲು ಒಂದು ಹಬ್ಬವಿದೆ.

ಆದುದರಿಂದ ಬರುವ ಕ್ರಿಸ್ತಜಯಂತಿಯಂದು ತಿಂಡಿಯ ತಟ್ಟೆ ಎಂದಿನಂತೆ ನೆರೆಮನೆಗೆ ಹೋಗಲಿ. ಅದರ ಜೊತೆಗೆ ಇನ್ನೂ ಒಂದನ್ನು ನಾವು ಯೋಚಿಸೋಣ. ನಮ್ಮ ನಡುವೆ ಯಾವ ಮನೆ ಒಡೆದಿದೆ? ಯಾವ ಮನೆಯಲ್ಲಿ ಅಣ್ಣತಮ್ಮಂದಿರು ತೋಟದ ಬೇಲಿಗಾಗಿ ಮಾತು ಬಿಟ್ಟಿದ್ದಾರೆ? ಯಾವ ಕೂಲಿಯವನ ಕುಟುಂಬಕ್ಕೆ ನಿಲ್ಲಲು ನೆಲೆಯಿಲ್ಲ? ಯಾವ ಮಗುವಿಗೆ ಔಷಧಕ್ಕೋ, ಓದಿಗೋ ಒದಗುವವರಿಲ್ಲ? ಆ ಮನೆಗೆ ಹೋಗಿ ನಮ್ಮಿಂದಾದುದನ್ನು ಮಾಡೋಣ. ಅದರ ಫಲವನ್ನು ನಾವು ಕಾಣದಿರಬಹುದು. ಆದರೆ ಎಂದೋ ಒಂದು ದಿನ ಆ ಮನೆಯ ಮಗುವೊಂದು ದೊಡ್ಡದಾಗಿ, ಡಿಸೆಂಬರಿನ ಚಳಿಯ ರಾತ್ರಿಯಲ್ಲಿ ತನ್ನ ಬಾಲ್ಯದ ಗೋದಲಿಯನ್ನು ನೆನೆದೀತು. ಅಂಥ ನೆನಪಿಗಿಂತ ಬೆಲೆಬಾಳುವ ಕಾಣಿಕೆ ಮತ್ತೊಂದಿಲ್ಲ.

ಬಾಲಯೇಸುವಿನ ಕೃಪೆಯೂ ಮಾತೆ ಮರಿಯಮ್ಮನವರ ಆಸರೆಯೂ ಸಂತ ಜೋಸೆಫರ ಕಾವಲೂ ನಮ್ಮ ಎಲ್ಲ ಮನೆಗಳ ಮೇಲಿರಲಿ.